ಗೇಟಿನ ಪಕ್ಕ ನಿಂತವರ ನೋಟ್‌ಬುಕ್

ವೀಕೆಂಡಿಗೆ ವಯನಾಡಿಗೋ ಊಟಿಗೋ ಹೊರಟು, ನಂಜನಗೂಡಿನಲ್ಲಿ ಊಟಕ್ಕೆ ನಿಂತು ತಡ ಮಾಡಿಕೊಂಡವರಿಗೆ ನಮ್ಮ ಗುಂಡ್ಲುಪೇಟೆ ಚೆನ್ನಾಗಿ ನೆನಪಿರುತ್ತೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟ್ ಬೀಳುತ್ತೆ. ಸುಲ್ತಾನ್ ಬತ್ತೇರಿ ಕಡೆಗೆ ಮದ್ದೂರು, ಊಟಿ ಕಡೆಗೆ ಮೇಲುಕಾಮನಹಳ್ಳಿ. ಆಂಬುಲೆನ್ಸು, ಕೆಲವೇ ಸರ್ಕಾರಿ ಬಸ್ಸು ಬಿಟ್ಟರೆ ಬೆಳಿಗ್ಗೆ ಆರರವರೆಗೆ ಯಾರಿಗೂ ದಾರಿಯಿಲ್ಲ.

ಈ ಗೇಟು ಹೇಗೆ ಬಂತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮೈಸೂರಿನ ವೈಲ್ಡ್‌ಲೈಫ್ ಕನ್ಸರ್ವೇಶನ್ ಫೌಂಡೇಶನ್‌ನವರು ಈ ಎರಡು ಹೆದ್ದಾರಿಗಳಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳ ಲೆಕ್ಕ ಬರೆದಿಟ್ಟರು. 2004ರಿಂದ 2007ರ ನಡುವೆ 91 ಸಸ್ತನಿಗಳು, 75 ಹಕ್ಕಿಗಳು, 56 ಸರೀಸೃಪಗಳು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಲ್ಲಿಸಿದರು. ಒತ್ತಡ ಬಂತು, ಕೆಲವೇ ದಿನಕ್ಕೆ ಆದೇಶ ವಾಪಸ್ಸಾಯಿತು. ವಿಷಯ ಹೈಕೋರ್ಟಿಗೆ ಹೋಗಿ, 2010ರ ಮಾರ್ಚ್‌ನಲ್ಲಿ ನಿಷೇಧ ಗಟ್ಟಿಯಾಯಿತು. ತೆರಕಣಾಂಬಿಯಿಂದ ಕೇರಳಕ್ಕೆ ತರಕಾರಿ ಕಳಿಸೋ ನಮ್ಮೂರ ರೈತರಿಗೆ ಇದು ತಾಪತ್ರಯವೇ. ಆದರೂ ಗೇಟು ಬೇಕು ಅಂತ ನಾನು ಒಪ್ತೀನಿ. ಒಪ್ಪೋದಕ್ಕೆ ಕಾರಣ ಆ ಲೆಕ್ಕ. ಟೈರಿಗೆ ಸಿಕ್ಕ ಒಂದು ಹಾವಿಗೂ ಅದರಲ್ಲಿ ಜಾಗ ಇತ್ತು.

ಈಗ ಇದೇ ಜಿಲ್ಲೆಯ ಇನ್ನೊಂದು ತುದಿಗೆ ಬನ್ನಿ: ಹನೂರು, ಮಲೆ ಮಹದೇಶ್ವರ ಬೆಟ್ಟ, ಪಾಲಾರ್. ಬಂಡೀಪುರದ ಗೇಟಿಗಿಂತ ಹದಿನೈದು ವರ್ಷ ಹಿಂದೆಯೇ ಅಲ್ಲಿ ಬೇರೆ ಥರದ ತಡೆ ಇತ್ತು. ವೀರಪ್ಪನ್ 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವನನ್ನು ಹಿಡಿಯಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಬಂತು, ಗಡಿ ಭದ್ರತಾ ಪಡೆಯೂ ಬಂತು. ಕಾಡಂಚಿನ ದಾರಿಗಳಲ್ಲಿ ತಪಾಸಣೆ ಶುರುವಾಯಿತು. ಅಕ್ಕಿಮೂಟೆ ಹೊತ್ತವನು ಮನೆಗೆ ಒಯ್ತಿದಾನಾ, ವೀರಪ್ಪನ್‌ಗೆ ಒಯ್ತಿದಾನಾ ಅನ್ನೋದನ್ನ ತಡೆದವರೇ ತೀರ್ಮಾನಿಸಬೇಕು. ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಬಿತ್ತು. ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2001ರಲ್ಲಿ. ಬಹುಪಾಲು ಜನ ಖುಲಾಸೆ. ಅಷ್ಟರಲ್ಲಿ ಎಷ್ಟೋ ಜನರ ವರ್ಷಗಳು ಜೈಲಲ್ಲೇ ಕಳೆದಿದ್ದವು.

ದೌರ್ಜನ್ಯದ ದೂರುಗಳ ಬಗ್ಗೆ ಪಿಯುಸಿಎಲ್‌ನಂಥ ಮಾನವ ಹಕ್ಕು ಸಂಘಟನೆಗಳು ದನಿಯೆತ್ತಿದ ಮೇಲೆ, 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. 1993ರಲ್ಲಿ ನಡೆದದ್ದನ್ನು ಜನ ಆರೇಳು ವರ್ಷ ಬಿಟ್ಟು ಅದರ ಮುಂದೆ ನೆನಪಿನಿಂದ ಹೇಳಬೇಕಾಯಿತು. ವರದಿ ಬಂದದ್ದು 2003ರಲ್ಲಿ. 2007ರಲ್ಲಿ ಆಯೋಗ ಎರಡೂ ರಾಜ್ಯಗಳ 89 ಜನಕ್ಕೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು.

ನೆನಪಿನಿಂದ ಹೇಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಹನೂರು ಕಡೆಯ ನಮ್ಮ ನೆಂಟರೊಬ್ಬರಿಂದ. ಆ ಕಾಲದಲ್ಲಿ ದಾರಿಯಲ್ಲಿ ತಡೆದು ಒಂದು ರಾತ್ರಿ ಕೂರಿಸಿಕೊಂಡಿದ್ದರಂತೆ. ಯಾವ ವರ್ಷ ಮಾವ ಅಂದೆ. "ಮಾರಿಹಬ್ಬ ಆದ್ಮೇಲೆ ಕಣಪ್ಪ, ಹುಚ್ಚೆಳ್ಳು ಹೂ ಬುಟ್ಟಿತ್ತು" ಅಂದರು. ತಡೆದವರು ಯಾರು? "ಯಾರೋ, ಡ್ರೆಸ್ ಹಾಕಿದ್ರು." ಇಸವಿ ಇಲ್ಲ, ಹೆಸರಿಲ್ಲ, ಕಾಗದ ಇಲ್ಲ. ಇದನ್ನು ಯಾವ ಕೋರ್ಟು ಕೇಳುತ್ತೆ? ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಇದು ಲಾಗ್ ಇಲ್ಲದ ಸಿಸ್ಟಂ. ಏನೋ ಕೆಟ್ಟಿತ್ತು ಅಂತ ಎಲ್ಲರಿಗೂ ಗೊತ್ತು, ಎಲ್ಲಿ ಕೆಟ್ಟಿತು ಅಂತ ತೋರಿಸೋಕೆ ಆಗಲ್ಲ.

ಆ ಲಾಗ್ ಅನ್ನೇ ತಮ್ಮ ಕೆಲಸ ಮಾಡಿಕೊಂಡವರು ಬೇರೊಂದು ದೇಶದಲ್ಲಿದ್ದಾರೆ. ಮೈಸೂರಿನ ಟಾಡಾ ತೀರ್ಪು ಬಂದ 2001ರಲ್ಲೇ, ಇಸ್ರೇಲಿನ ಕೆಲವು ಹೆಂಗಸರು ಮಖ್ಸೋಮ್ ವಾಚ್ ಅಂತ ಒಂದು ಗುಂಪು ಕಟ್ಟಿದರು. ಮಖ್ಸೋಮ್ ಅಂದರೆ ಹೀಬ್ರೂವಿನಲ್ಲಿ ಚೆಕ್‌ಪಾಯಿಂಟ್. ಪ್ಯಾಲೆಸ್ತೀನಿಯರು ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗೋಕೆ ದಾಟಬೇಕಾದ ಸೇನಾ ತಡೆಗಳು ಅವು. ರಾಮಲ್ಲಾ ದಾರಿಯ ಕಲಂದಿಯಾ, ನಾಬ್ಲುಸ್ ಬಳಿಯ ಹುವಾರಾ, ಇಂಥ ಕಡೆ ಈ ಹೆಂಗಸರು ಇಬ್ಬರು ಮೂವರಾಗಿ ಹೋಗಿ ನಿಂತು, ಎಷ್ಟು ಜನ ಕಾದರು, ಎಷ್ಟು ಹೊತ್ತು ಕಾದರು, ಯಾರನ್ನು ವಾಪಸ್ ಕಳಿಸಿದರು ಅಂತ ಬರೆದು ಪ್ರಕಟಿಸ್ತಾರೆ. ಅಲ್ಲಿ ತಡೆಯೋದು ಅವರದೇ ದೇಶದ ಸೈನಿಕರು.

2004ರ ನವೆಂಬರ್‌ನಲ್ಲಿ ನಾಬ್ಲುಸ್ ಬಳಿಯ ಬೈತ್ ಈಬಾದಲ್ಲಿ ಒಬ್ಬ ಪ್ಯಾಲೆಸ್ತೀನಿ ಯುವಕ ಸೈನಿಕರ ಮುಂದೆ ಪಿಟೀಲು ನುಡಿಸ್ತಾ ನಿಂತದ್ದನ್ನು ಈ ಗುಂಪಿನವರೊಬ್ಬರು ವಿಡಿಯೋ ಮಾಡಿದರು. ಸೇನೆ ಹೇಳಿದ್ದೇ ಒಂದು, ಅವನು ಹೇಳಿದ್ದೇ ಇನ್ನೊಂದು. ಆದರೆ ವಿಡಿಯೋ ಇತ್ತು, ಹಾಗಾಗಿ ಇಸ್ರೇಲಿನಲ್ಲೇ ಆ ಬಗ್ಗೆ ದೊಡ್ಡ ಜಗಳ ಆಯಿತು. ಚೆಕ್‌ಪಾಯಿಂಟ್‌ಗಳ ವ್ಯವಸ್ಥೆಯೇನೂ ಅದರಿಂದ ಹೋಗಲಿಲ್ಲ. ಆದರೂ ಅಂಥದ್ದು ನಡೆದೇ ಇಲ್ಲ ಅನ್ನೋಕೆ ಯಾರಿಗೂ ಆಗಲಿಲ್ಲ.

ಪ್ಯಾಲೆಸ್ತೀನನ್ನೂ ಪಾಲಾರನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಬರಲ್ಲ. ಒಂದು ಸೇನೆಯ ಆಕ್ರಮಣದಲ್ಲಿರೋ ನೆಲ, ಇನ್ನೊಂದು ಒಬ್ಬ ಕೊಲೆಗಾರನ ಬೇಟೆ. ಬಂಡೀಪುರವಂತೂ ಬೇರೆಯೇ. ಆದರೆ ಮೂರೂ ಕಡೆ ಒಬ್ಬ ದಾರಿ ಕಟ್ಟಿ ನಿಂತಿದಾನೆ, ಇನ್ನೊಬ್ಬ ದಾಟೋಕೆ ಕಾಯ್ತಿದಾನೆ. ಬಂಡೀಪುರದಲ್ಲೂ ಬೈತ್ ಈಬಾದಲ್ಲೂ ಬರೆದಿಡೋ ಮೂರನೆಯವರೊಬ್ಬರಿದ್ದರು. ಮಹದೇಶ್ವರ ಬೆಟ್ಟದ ದಾರಿಯಲ್ಲಿ ಅಂಥವರು ಬಂದಿದ್ದು ತೀರಾ ತಡವಾಗಿ. ನಮ್ಮ ಜಿಲ್ಲೆಯಲ್ಲಿ ಸತ್ತ ಜಿಂಕೆಯ ದಿನಾಂಕ ಹುಡುಕಿದರೆ ಸಿಗುತ್ತೆ. ಅಕ್ಕಿ ಹೊತ್ತು ಹೊರಟು ಜೈಲು ಸೇರಿದವನನ್ನು ಯಾವ ದಿನ, ಎಲ್ಲಿ ತಡೆದರು ಅಂತ ಕೇಳಿದರೆ ಹುಚ್ಚೆಳ್ಳು ಹೂವಿನಿಂದ ಲೆಕ್ಕ ಹಾಕಬೇಕು.