ಕಡತದಿಂದ ಟ್ಯಾಬ್ ತನಕ: ಲ್ಯಾಪ್‌ಟಾಪ್ ಬೇಕೇ ಬೇಕಾ?

ಭಾಗ 1/7 👇

ಡಿಗ್ರಿ ಸೇರಿದ ಕೂಡ್ಲೆ ನಮ್ಮ ಕಡೆ ಮನೆಗಳಲ್ಲಿ ಏಳೋ ಪ್ರಶ್ನೆ: "ಟ್ಯಾಬ್ ಸಾಕಾಗಲ್ವಾ? ಲ್ಯಾಪ್‌ಟಾಪೇ ಆಗ್ಬೇಕಾ?" ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ ಒಂದು ಸಲ ತೆಗೆಸಿಕೊಡ್ತಾರೆ. ಆಮೇಲೆ ಮೂರು ವರ್ಷ ಅದರಲ್ಲೇ ಸುಧಾರಿಸಬೇಕು. ಹಾಗಾಗಿ ಇದು ಸಣ್ಣ ಪ್ರಶ್ನೆ ಅಲ್ಲ.

ಯೂಟ್ಯೂಬಲ್ಲಿ ಹುಡುಕಿದ್ರೆ ಪ್ರೊಸೆಸರ್, ರ‍್ಯಾಮ್, ಬ್ಯಾಟರಿ ಅಂತ ಗಂಟೆಗಟ್ಟಲೆ ಹೇಳ್ತಾರೆ. ನಾನು ಇಲ್ಲಿ ಇತಿಹಾಸ ಹೇಳ್ತೀನಿ. ಯಾಕಂದ್ರೆ ಕೈಯಲ್ಲಿ ಹಿಡಿಯೋ ಸಣ್ಣ ಸಾಧನ ಸಾಕಾ, ಕೂತು ಬರೆಯೋ ದೊಡ್ಡದು ಬೇಕಾ ಅನ್ನೋದು ಐಪ್ಯಾಡ್ ಬಂದ ಮೇಲೆ ಹುಟ್ಟಿದ ಪ್ರಶ್ನೆ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಲ್ಲಿ ಭೂಮಿ ಲೆಕ್ಕ ಬರೆಯೋಕೆ ಶುರುವಾದಾಗಿಂದ ಇದೆ.

ಏಳೂ ಪೋಸ್ಟ್ ಓದಿ. ಕೊನೇಲಿ ಯಾವುದು ತಗೊಳ್ಳೋದು ಅಂತ ನೇರವಾಗಿ ಹೇಳ್ತೀನಿ.

ಭಾಗ 2/7: ಶಿವಪ್ಪ ನಾಯಕನ ಶಿಸ್ತು

ಕೆಳದಿ, ಇಕ್ಕೇರಿ ಎರಡೂ ಇರೋದು ಸಾಗರ ತಾಲ್ಲೂಕಲ್ಲಿ. ಆಮೇಲಿನ ರಾಜಧಾನಿ ಬಿದನೂರು, ಅಂದ್ರೆ ಇವತ್ತಿನ ನಗರ, ಹೊಸನಗರ ತಾಲ್ಲೂಕಲ್ಲಿ. ಕವಲೇದುರ್ಗ ಕೋಟೆ ತೀರ್ಥಹಳ್ಳಿ ತಾಲ್ಲೂಕಲ್ಲಿ. ನಮ್ಮ ಮೂರೂ ತಾಲ್ಲೂಕು ಒಂದೇ ರಾಜ್ಯದ ನಡುಮನೆ ಇದ್ದ ಹಾಗೆ.

ಈ ರಾಜ್ಯವನ್ನ 1645ರಿಂದ 1660ರ ತನಕ ಆಳಿದ ಶಿವಪ್ಪ ನಾಯಕನ ಹೆಸರು ಹೇಳಿದ್ರೆ ಎಲ್ಲರಿಗೂ ನೆನಪಾಗೋದು "ಶಿಸ್ತು". ಅದು ಮಕ್ಕಳಿಗೆ ಹೇಳೋ ಶಿಸ್ತಲ್ಲ, ಭೂಕಂದಾಯದ ವ್ಯವಸ್ಥೆ. ಜಮೀನನ್ನ ಮಣ್ಣು, ನೀರು ನೋಡಿ ಐದು ವರ್ಗ ಮಾಡಿದ್ರು. ಬೆಳೆ ಎಷ್ಟು ಬರುತ್ತೆ ಅಂತ ಅಂದಾಜು ಮಾಡಿ, ಅದರ ಮೂರನೇ ಒಂದು ಭಾಗದ ಲೆಕ್ಕದಲ್ಲಿ ಕಂದಾಯ ಗೊತ್ತುಮಾಡಿದ್ರು.

ಈಗ ಬಿಕಾಂ ಕಣ್ಣಲ್ಲಿ ನೋಡಿ. ಇದರೊಳಗೆ ಎರಡು ಕೆಲಸ ಇದೆ. ಒಂದು, ಗದ್ದೆ ಬದುವಲ್ಲಿ ನಿಂತು ನೋಡಿ ಗುರುತು ಹಾಕ್ಕೊಳ್ಳೋದು. ಇನ್ನೊಂದು, ಊರಿಂದ ಊರಿಗೆ ಬಂದ ಅಂಕಿಯನ್ನೆಲ್ಲ ಒಂದು ಕಡೆ ಕೂಡಿಸಿ, ತಾಳೆ ನೋಡಿ, ಬಾಕಿ ತೆಗೆಯೋದು. ಮೊದಲನೇದಕ್ಕೆ ಕೈಗೆ ಹಗುರಾದ ಸಾಧನ ಬೇಕು. ಎರಡನೇದಕ್ಕೆ ಅಗಲವಾದ ಜಾಗ, ಕೂರೋಕೆ ಹೊತ್ತು, ಹಿಂದಿನ ಲೆಕ್ಕ ಬೇಕು. ಈ ಎರಡನ್ನ ನೆನಪಿಟ್ಟುಕೊಳ್ಳಿ, ಮುಂದೆ ಪ್ರತೀ ಭಾಗದಲ್ಲೂ ಬರುತ್ತೆ.

ಭಾಗ 3/7: ಮಲೆನಾಡಿನ ಮೊದಲ ಟ್ಯಾಬ್

ಆಫೀಸಲ್ಲಿ "ಕಡತ ವಿಲೇವಾರಿ" ಅಂತಾರಲ್ಲ, ಆ ಕಡತ ಮೂಲದಲ್ಲಿ ಕಾಗದದ ಫೈಲ್ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸ್ತಿದ್ರು. ಕಪ್ಪು ಹಲಗೆ ಥರ ಗಟ್ಟಿ ಆಗ್ತಿತ್ತು. ಅದನ್ನ ಮಡಿಕೆ ಮಡಿಕೆಯಾಗಿ ಮಡಚಿಟ್ಟು, ಬಳಪದಲ್ಲಿ ಬರೀತಿದ್ರು. ತಪ್ಪಾದ್ರೆ ಒರೆಸಬಹುದು. ಬೇಡದ್ದನ್ನ ಅಳಿಸಿ ಮತ್ತೆ ಬಳಿದು ಹೊಸದಾಗಿ ಬರೀಬಹುದು. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಪೆನ್ ಸಮೇತ ಬರೋ ಟ್ಯಾಬ್ ಇದೇ ಅಲ್ವಾ?

ಶಾನುಭೋಗರು, ವ್ಯಾಪಾರಿಗಳು, ಮಠಗಳು ದಿನದ ಲೆಕ್ಕ ಇದರಲ್ಲಿ ಇಡ್ತಿದ್ರು. ತೀರ್ಥಹಳ್ಳಿ ಪಕ್ಕದ ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ದೊಡ್ಡ ಆಧಾರ.

ಆದ್ರೆ ಕಡತ ಬಂತು ಅಂತ ಉಳಿದದ್ದನ್ನ ಯಾರೂ ಬಿಸಾಡಲಿಲ್ಲ. ಗ್ರಂಥ ಬರೆಯೋಕೆ ತಾಳೆಗರಿ ಇತ್ತು, ಕೆಳದಿ ಮ್ಯೂಸಿಯಂಗೆ ಹೋದ್ರೆ ತಾಳೆಗರಿ ಕಟ್ಟುಗಳನ್ನ ನೋಡಬಹುದು. ಭೂಮಿ ದಾನ ಕೊಟ್ರೆ ತಾಮ್ರಪಟಕ್ಕೋ ಕಲ್ಲಿಗೋ ಹೋಗ್ತಿತ್ತು. ಅಳಿಸಬಹುದು ಅನ್ನೋದು ದಿನದ ಲೆಕ್ಕಕ್ಕೆ ಅನುಕೂಲ, ದಾನಪತ್ರಕ್ಕೆ ಅಪಾಯ. ಯಾವುದು ಶ್ರೇಷ್ಠ ಅಂತ ಅವರು ಜಗಳ ಆಡಲಿಲ್ಲ, ಕೆಲಸ ನೋಡಿ ಸಾಧನ ತಗೊಂಡ್ರು. ಆ ವಿವೇಕ ಕೈ ತಪ್ಪಿದ್ದು ಆಮೇಲೆ.

ಭಾಗ 4/7: ಬೆಂಗಳೂರಿನ ಸಿಂಪ್ಯೂಟರ್

ಈಗ ಒಂದೇ ಸಲ 2000ದ ಹೊತ್ತಿಗೆ ಬನ್ನಿ. ಅದೇ ಭೂಮಿ ಲೆಕ್ಕ, ಸಾಧನ ಬೇರೆ. ಕರ್ನಾಟಕ ಸರ್ಕಾರ "ಭೂಮಿ" ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನ ಕಂಪ್ಯೂಟರ್‌ಗೆ ಹಾಕಿತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರದ್ದು. ತಾಲ್ಲೂಕು ಕಚೇರಿ ಕೌಂಟರ್‌ನಲ್ಲಿ 15 ರೂಪಾಯಿ ಕೊಟ್ರೆ ಪ್ರಿಂಟ್ ಸಿಗ್ತಿತ್ತು. ಇದು ಕೂತು ಮಾಡೋ ಕೆಲಸ, ಮೇಜಿನ ಕಂಪ್ಯೂಟರ್‌ದು.

ಅದೇ ವರ್ಷಗಳಲ್ಲಿ ಬೆಂಗಳೂರಲ್ಲಿ ಇನ್ನೊಂದು ಪ್ರಯೋಗ ನಡೀತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಮಾಡಿದ್ರು. ಸರಳ, ಅಗ್ಗ, ಹಲವು ಭಾಷೆ ಬರೋ ಜನರ ಕಂಪ್ಯೂಟರ್ ಅನ್ನೋದು ಹೆಸರಿನ ಅರ್ಥ. 2001ರಲ್ಲಿ ಮಾದರಿ ತೋರಿಸಿದ್ರು. ಅಂಗೈಯಲ್ಲಿ ಹಿಡಿಯೋ ಟಚ್ ಪರದೆ, ಕಡ್ಡಿಯಂಥ ಪೆನ್, ಕೀಬೋರ್ಡ್ ಇಲ್ಲ. ಓದೋಕೆ ಬರದವರಿಗೆ ನಮ್ಮ ಭಾಷೆಗಳಲ್ಲಿ ಓದಿ ಹೇಳಬೇಕು ಅನ್ನೋದು ಆಸೆ. ಐಪ್ಯಾಡ್ ಬರೋಕೆ ಇನ್ನೂ ಒಂಬತ್ತು ವರ್ಷ ಇತ್ತು ಮಾರಾಯ್ರೆ!

2004ರಲ್ಲಿ ಬಿಇಎಲ್ ಜೊತೆ ಸೇರಿ "ಅಮಿಡಾ" ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ರಾಜ್ಯದಲ್ಲಿ ಭೂದಾಖಲೆ ಸಂಗ್ರಹಕ್ಕೂ ಬಳಸಿದ್ರು. ಅಂದ್ರೆ ಶಾನುಭೋಗರ ಕಡತದ ಜಾಗಕ್ಕೇ ಬಂತು. ಆದ್ರೆ 2005ರ ಹೊತ್ತಿಗೆ ಮಾರಾಟ ಆಗಿದ್ದು ಸುಮಾರು 4,000 ಮಾತ್ರ. ಹೊಲದಲ್ಲಿ ಮಾಹಿತಿ ತುಂಬೋಕೆ ಅದು ಚೆನ್ನಾಗಿತ್ತು. "ಜನರ ಕಂಪ್ಯೂಟರ್" ಆಗಿ ಎಲ್ಲ ಕೆಲಸಕ್ಕೂ ಒಂದೇ ಸಾಧನ ಆಗೋದು ಅದರ ಕೈಲಿ ಆಗಲಿಲ್ಲ.

ಭಾಗ 5/7: ಐಪ್ಯಾಡ್, ಆಕಾಶ್, ಮತ್ತೆ ನಮ್ಮ ಕಾಲೇಜು

2010ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಪ್ಯಾಡ್ ತೋರಿಸಿದಾಗ ಅದನ್ನ ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನ ಮೂರನೇ ಸಾಧನ ಅಂತ ಪರಿಚಯ ಮಾಡಿದ್ದು. ಲ್ಯಾಪ್‌ಟಾಪ್ ಬದಲಿಗೆ ಇದು ಅಂತ ಕಂಪನಿ ಜೋರಾಗಿ ಹೇಳೋಕೆ ಶುರು ಮಾಡಿದ್ದು ಆಮೇಲೆ, 2015ರಲ್ಲಿ ಕೀಬೋರ್ಡ್, ಪೆನ್ಸಿಲ್ ಜೊತೆ ಐಪ್ಯಾಡ್ ಪ್ರೊ ಬಂದಾಗ. ಗಮನಿಸಿ: ಟ್ಯಾಬ್ ಲ್ಯಾಪ್‌ಟಾಪ್ ಕೆಲಸಕ್ಕೆ ಹತ್ತಿರ ಬಂದಿದ್ದು ಕೀಬೋರ್ಡ್ ಅಂಟಿಸಿಕೊಂಡ ಮೇಲೇ.

ಭಾರತದಲ್ಲಿ ಕಥೆ ಬೇರೆ ದಾರಿ ಹಿಡೀತು. ಇಲ್ಲಿ ಟ್ಯಾಬ್ ಬಂದಿದ್ದು ಅಗ್ಗ ಅನ್ನೋ ಕಾರಣಕ್ಕೆ. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ "ಆಕಾಶ್" ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಸರ್ಕಾರಕ್ಕೆ ಬಿದ್ದ ಬೆಲೆ 50 ಡಾಲರ್ ಆಸುಪಾಸು. ನಿಧಾನ, ಬ್ಯಾಟರಿ ಬಾಳಲ್ಲ, ಒತ್ತಿದ್ರೂ ಟಚ್ ಆಗಲ್ಲ ಅಂತ ದೂರು ಬಂತು. ಕೆಲವೇ ವರ್ಷದಲ್ಲಿ ಯೋಜನೆ ತಣ್ಣಗಾಯ್ತು.

ಕರ್ನಾಟಕದಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ಲ್ಯಾಪ್‌ಟಾಪ್ ಕೊಡೋ ಯೋಜನೆ ಇತ್ತು. ಕೊರೊನಾ ಬಂದ ಮೇಲೆ, 2021ರ ಜೂನ್‌ನಲ್ಲಿ, ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚೋಕೆ ಚಾಲನೆ ಸಿಕ್ತು. ಖರ್ಚು ಸುಮಾರು 163 ಕೋಟಿ. ಭಾಗಿಸಿ ನೋಡಿ, ಒಂದಕ್ಕೆ ಸುಮಾರು 10,500 ರೂಪಾಯಿ.

ಆನ್‌ಲೈನ್ ಕ್ಲಾಸ್ ಕೇಳೋಕೆ ಅದು ಸರಿಯಾದ ಸಾಧನವೇ ಆಗಿತ್ತು. ಆದ್ರೆ ಲ್ಯಾಪ್‌ಟಾಪ್ ಇದ್ದ ಜಾಗಕ್ಕೆ ಟ್ಯಾಬ್ ಬಂದಾಗ, ಕ್ಲಾಸ್ "ಕೇಳೋದು" ಮತ್ತು ಕೆಲಸ "ಮಾಡೋದು" ಎರಡೂ ಒಂದೇ ಅನ್ನೋ ಹಾಗಾಯ್ತು. ಕೋಡ್ ಬರೆಯೋ ಎಂಜಿನಿಯರಿಂಗ್ ಹುಡುಗಿಗೂ ಪಾಠ ನೋಡೋ ಬಿಎ ಹುಡುಗನಿಗೂ ಒಂದೇ ಪೆಟ್ಟಿಗೆ.

ಭಾಗ 6/7: ಲೆಕ್ಕಿಗರೇ ಕೇಳಿದ್ರು

ಇತಿಹಾಸ ಎಲ್ಲಿಗೆ ಬಂದು ನಿಂತಿದೆ ನೋಡಿ. ಶಾನುಭೋಗರ ಕೆಲಸ ಆಮೇಲೆ ಗ್ರಾಮ ಲೆಕ್ಕಿಗರಿಗೆ ಬಂತು, ಅವರೇ ಈಗ ಗ್ರಾಮ ಆಡಳಿತ ಅಧಿಕಾರಿಗಳು. ಅವರ ಕೆಲಸ ಒಂದೊಂದಾಗಿ ಮೊಬೈಲ್ ಆ್ಯಪ್‌ಗಳಿಗೆ ಹೋಯ್ತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ತುಂಬ ಅವರು ಮುಷ್ಕರ ಕೂತ್ರು. ಒಂದರ ಮೇಲೊಂದು ಆ್ಯಪ್ ಹಾಕಿ, ಬೇಕಾದ ಸೌಲಭ್ಯ ಕೊಡಲ್ಲ ಅನ್ನೋದು ಮುಖ್ಯ ದೂರು. ಬೇಡಿಕೆಗಳಲ್ಲಿ ಲ್ಯಾಪ್‌ಟಾಪ್ ಕೂಡ ಇತ್ತು. 2025ರಲ್ಲಿ ಸರ್ಕಾರ ಅವರಿಗೆ ಲ್ಯಾಪ್‌ಟಾಪ್ ಹಂಚೋಕೆ ಶುರು ಮಾಡಿತು.

ಇದರ ಅರ್ಥ ಆ್ಯಪ್ ಕೆಟ್ಟದ್ದು ಅಂತಲ್ಲ. 2020ರಲ್ಲಿ ಬಂದ ರೈತರ ಬೆಳೆ ಸಮೀಕ್ಷೆ ಆ್ಯಪ್ ನೋಡಿ. ತೋಟದಲ್ಲಿ ನಿಂತು ಫೋಟೋ ತೆಗೀಬೇಕು, ಜಾಗದ ಗುರುತು ತಾನಾಗೇ ಸೇರುತ್ತೆ. ಇದಕ್ಕೆ ಲ್ಯಾಪ್‌ಟಾಪ್ ಹೊತ್ಕೊಂಡು ಹೋಗೋರು ಯಾರು? ಬದುವಿನ ಕೆಲಸಕ್ಕೆ ಕೈಸಾಧನ, ಕೂರೋ ಕೆಲಸಕ್ಕೆ ಮೇಜು. ಶಿವಪ್ಪ ನಾಯಕನ ಶಿಸ್ತಿನಲ್ಲಿ ಇದ್ದ ಅದೇ ಎರಡು ಕೆಲಸ. ಒಂದನ್ನ ಇನ್ನೊಂದರಲ್ಲಿ ತುರುಕಿದಾಗಲೆಲ್ಲ ಒದ್ದಾಡೋದು ಕೆಲಸ ಮಾಡೋರು, ಸಾಧನ ಆರಿಸಿದವರಲ್ಲ.

ಭಾಗ 7/7: ಹಾಗಾದ್ರೆ ನಾವು ಎಂತ ತಗೊಳ್ಳೋದು?

ಮೊದಲು ಟ್ಯಾಬ್ ಪರ. ಪಿಡಿಎಫ್ ಓದೋಕೆ, ಲೆಕ್ಚರ್ ನೋಡೋಕೆ, ಪೆನ್‌ನಲ್ಲಿ ನೋಟ್ಸ್ ಬರೆಯೋಕೆ ಟ್ಯಾಬೇ ಚಂದ. ಕೈಬರಹದ ಕನ್ನಡವನ್ನ ಅಕ್ಷರ ಮಾಡಿಕೊಡೋ ಆ್ಯಪ್ 2015ರಿಂದಲೇ ಇದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದ್ರೆ ಪವರ್ ಬ್ಯಾಂಕ್‌ನಲ್ಲೇ ಬದುಕಿಸಬಹುದು. ನಮ್ಮ ಕಡೆ ಇದು ಸಣ್ಣ ಲಾಭ ಅಲ್ಲ.

ಆದ್ರೆ ಬಿಕಾಂ ಅಂದ್ರೆ ಲೆಕ್ಕ. ಟ್ಯಾಲಿ ಹುಟ್ಟಿದ್ದೇ 1986ರಲ್ಲಿ, ಕೀಬೋರ್ಡ್ ಕಾಲದಲ್ಲಿ. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ಬೆರಳು ಕೀಲಿಗಳ ಮೇಲೆ ಓಡಿದ್ರೆ ಮಾತ್ರ ದಿನಕ್ಕೆ ನೂರು ವೋಚರ್ ಹಾಕೋಕೆ ಆಗೋದು. ಅದು ನಡೆಯೋದು ವಿಂಡೋಸ್ ಮೇಲೆ. ಟ್ಯಾಬ್‌ನಲ್ಲಿ ರಿಪೋರ್ಟ್ ನೋಡಬಹುದು, ಲೆಕ್ಕ ಬರೆಯೋಕೆ ಕಂಪ್ಯೂಟರೇ ಬೇಕು. ಜಿಎಸ್‌ಟಿ ರಿಟರ್ನ್‌ನ ಆಫ್‌ಲೈನ್ ಟೂಲ್ ಕೂಡ ವಿಂಡೋಸ್‌ಗೇ ಮಾಡಿದ್ದು. ನಾಳೆ ಅಡಿಕೆ ಮಂಡಿಯಲ್ಲೋ, ಸೊಸೈಟಿಯಲ್ಲೋ, ಆಡಿಟರ್ ಆಫೀಸಲ್ಲೋ ಕೆಲಸ ಕೇಳಿದ್ರೆ ಅವರು ಕೂರಿಸೋದು ಕೀಬೋರ್ಡ್ ಮುಂದೆ.

ಇನ್ನೊಂದು ನೆಟ್‌ವರ್ಕ್. 2021ರಲ್ಲಿ ಸಾಗರ, ಹೊಸನಗರ ಕಡೆ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಭಿಯಾನ ನಡೆದಿದ್ದು ನೆನಪಿದೆ ಅಲ್ವಾ? ಟ್ಯಾಬ್‌ನಲ್ಲಿ ಎಲ್ಲ ಆಗುತ್ತೆ ಅನ್ನೋರ ಮಾತಿನ ಹಿಂದೆ ಎಲ್ಲವೂ ಕ್ಲೌಡ್‌ನಲ್ಲಿ ಇರುತ್ತೆ, ನೆಟ್ ಯಾವಾಗ್ಲೂ ಇರುತ್ತೆ ಅನ್ನೋ ನಂಬಿಕೆ ಇದೆ. ಶರಾವತಿ ಹಿನ್ನೀರಿನ ಆಚೆ ಇರೋರನ್ನ ಕೇಳಿ ನೋಡಿ. ಫೈಲ್ ತನ್ನೊಳಗೇ ಇಟ್ಟುಕೊಂಡು, ನೆಟ್ ಇಲ್ದೇನೂ ಕೆಲಸ ಮುಗಿಸೋ ಸಾಧನ ನಮಗೆ ಬೇಕು.

ನೇರವಾಗಿ ಹೇಳ್ತೀನಿ. ಓದೋದು, ಬರೆಯೋದು ಮಾತ್ರ ಆದ್ರೆ ಟ್ಯಾಬ್ ಸಾಕು, ಮನೆಯವರಿಗೆ ಹೊರೆ ಹಾಕಬೇಡಿ. ಬಿಕಾಂ, ಬಿಸಿಎ, ಎಂಜಿನಿಯರಿಂಗ್ ಆದ್ರೆ ಲ್ಯಾಪ್‌ಟಾಪ್, ಹೊಸದಕ್ಕೆ ದುಡ್ಡಿಲ್ದಿದ್ರೆ ಪರಿಚಯದವರ ಹತ್ರ ಪರೀಕ್ಷೆ ಮಾಡಿ ತಗೊಂಡ ಹಳೇದಾದ್ರೂ ಸೈ. ಓದೋಕೆ ಫೋನ್ ಹೇಗೂ ಇದೆ. ಒಂದೇ ಸಲ ಸಿಗೋ ದುಡ್ಡು, ಫೋನ್ ಮಾಡೋ ಕೆಲಸವನ್ನೇ ಇನ್ನೊಂಚೂರು ದೊಡ್ಡದಾಗಿ ಮಾಡೋ ಸಾಧನಕ್ಕೆ ಹೋಗಬಾರದು.

ಕಾಲೇಜಿಗೆ ಸೇರಿರೋ ತಮ್ಮ, ತಂಗಿ ಇದ್ರೆ ಅಂಗಡಿಗೆ ಹೋಗೋ ಮೊದಲು ಇದನ್ನ ಕಳಿಸಿ. ನಿಮ್ಮ ಹತ್ರ ಯಾವುದಿದೆ, ಅದರಲ್ಲಿ ಯಾವ ಕೆಲಸ ಆಗಲ್ಲ, ಕಮೆಂಟಲ್ಲಿ ಹೇಳಿ. 🙏

#ಮಲೆನಾಡು #ಸಾಗರ #ಹೊಸನಗರ #ತೀರ್ಥಹಳ್ಳಿ #ಬಿಕಾಂ #ಕಡತ #ಇತಿಹಾಸ