ಪರಿಷೆಯ ಬಂದೂಕಿನೊಳಗೊಂದು ಸೈಕಲ್ ಪಂಪು

ಕಾರ್ತಿಕದ ಕೊನೇ ಸೋಮವಾರ ಬುಲ್ ಟೆಂಪಲ್ ರೋಡಿನಲ್ಲಿ ಕಡಲೆಕಾಯಿ ಕೊಳ್ಳೋರು ಕೊಳ್ಳಲಿ, ನಮ್ಮ ಮಾವ ಮಾತ್ರ ಬಲೂನು ಹೊಡೆಯೋ ಅಂಗಡಿ ಮುಂದೆ ನಿಂತುಬಿಡುತ್ತಿದ್ದರು. ಅದೇ ಹುಚ್ಚಿಗೆ ಕೊಂಡ ಅಗ್ಗದ ಏರ್ ಪಿಸ್ತೂಲೊಂದು ಚಾಮರಾಜಪೇಟೆ ಮನೆಯ ಅಟ್ಟದಲ್ಲಿತ್ತು. ವರ್ಷಕ್ಕೊಮ್ಮೆ ಅವರೇ ಬಿಚ್ಚಿ ಜೋಡಿಸುತ್ತಿದ್ದರು. ಈಗ ಕೈ ನಡುಗುತ್ತೆ. "ನೀನು ಬಿಚ್ಚೋ, ನಾನು ಹೇಳ್ತೀನಿ" ಅಂದರು.

(ಗಾಬರಿ ಬೇಡ. ನಳಿಕೆಯ ಅಳತೆ 4.5 ಮಿಲಿಮೀಟರ್, ಶಕ್ತಿ 20 ಜೂಲ್ ಮೀರದಿದ್ದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ.)

ಒಳಗೆ ಗುಂಡಿಲ್ಲ ಅಂತ ನೋಡಿಕೊಂಡೆ. ಆದರೆ ಕ್ಲ್ಯಾಂಪ್ ಹಾಕು ಅಂದದ್ದನ್ನು ಕೇಳಲಿಲ್ಲ. ಪಿನ್ನು ಕಳಚಿದ್ದೇ ತಡ, ಸ್ಪ್ರಿಂಗು ಚಿಮ್ಮಿ ದೇವರ ಮನೆ ಬಾಗಿಲಿಗೆ ಬಡಿಯಿತು. ಪಿಸ್ತೂಲು ಸುಮ್ಮನೆ ಮಲಗಿದ್ದಾಗಲೂ ಅದು ಸ್ವಲ್ಪ ಅಮುಕಿಕೊಂಡೇ ಇರುತ್ತೆ. ಅತ್ತೆ ಏನಂದರು ಅಂತ ಇಲ್ಲಿ ಬರೆಯಲಾರೆ.

ಗುಂಡನ್ನು ತಳ್ಳೋದು ಸ್ಪ್ರಿಂಗು ಅಂತಲೇ ನಾನು ತಿಳಿದಿದ್ದೆ. ಅಲ್ಲ. ಸ್ಪ್ರಿಂಗು ಪಿಸ್ಟನ್ನನ್ನು ತಳ್ಳುತ್ತೆ, ಪಿಸ್ಟನ್ನು ಗಾಳಿಯನ್ನು ಅಮುಕುತ್ತೆ, ಆ ಗಾಳಿ ಸಣ್ಣ ತೂತಿನಿಂದ ನುಗ್ಗಿ ಗುಂಡನ್ನು ನೂಕುತ್ತೆ. ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಕಂಪನಿಯೊಂದು ತನ್ನ ಏರ್‌ಗನ್ನಿಗೆ ಬೇಟೆಯ ದೇವತೆ ಡಯಾನಾಳ ಹೆಸರಿಟ್ಟಿತು. ಅದರ ಮುದ್ರೆಯಲ್ಲಿ ಆಕೆ ಬಿಲ್ಲನ್ನು ಬಿಸಾಕಿ ಏರ್‌ಗನ್ ಎತ್ತಿ ಹಿಡಿದಿದ್ದಾಳೆ! 1924ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿಯೂ ಅದೇ ತತ್ವದ ಪಿಸ್ತೂಲೊಂದನ್ನು ತಂದಿತು. ಜಾಗ ಸಾಲದೆ ನಳಿಕೆಯನ್ನು ಸಿಲಿಂಡರಿನ ಮೇಲೆ ಮಲಗಿಸಿತು. ಎರಡನೇ ಮಹಾಯುದ್ಧದ ನಂತರ ಡಯಾನಾದ ಯಂತ್ರಗಳೂ ಬ್ರಿಟನ್ನಿಗೆ ಹೋದವು. ಇಂಥವುಗಳ ನಕಲುಗಳು ನಮ್ಮ ದೇಶದಲ್ಲೂ ತಯಾರಾದವು.

ಇಷ್ಟೆಲ್ಲ ಇತಿಹಾಸ ಕೊನೆಗೆ ನಿಂತಿರೋದು ಪಿಸ್ಟನ್ನಿನ ತುದಿಯ ತೊಗಲಿನ ವಾಷರ್ ಮೇಲೆ. ಮಾವನದು ಒಣಗಿ ಹಪ್ಪಳವಾಗಿತ್ತು. ಆನ್‌ಲೈನಲ್ಲಿ ಆ ಅಳತೆಯದು ಸಿಗಲಿಲ್ಲ. ಹತ್ತಿರದ ಸೈಕಲ್ ಅಂಗಡಿಯವರು ತಿರುಗಿಸಿ ನೋಡಿ, "ಇದು ಪಂಪಿನ ವಾಷರೇ ಅಲ್ವಾ ಸಾರ್?" ಅಂದು, ಪಂಪಿನದನ್ನೇ ಬ್ಲೇಡಿನಿಂದ ಹೆರೆದು ಕೊಟ್ಟರು. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಸಿದೆ. ಮಾರನೇ ದಿನ ಕ್ಲ್ಯಾಂಪ್ ಹಾಕಿ ಪಿಸ್ಟನ್ನು, ಸ್ಪ್ರಿಂಗು, ಪಿನ್ನು ಕೂರಿಸಿದೆ.

ಗುಂಡು ಹಾಕದೆ ಕುದುರೆ ಒತ್ತಬಾರದು, ತಡೆಯೋಕೆ ಏನೂ ಇಲ್ಲದೆ ಪಿಸ್ಟನ್ನು ಹೋಗಿ ಗುದ್ದುತ್ತೆ. ಹಿತ್ತಲಲ್ಲಿ ಹಳೇ ಪೇಪರು ತುಂಬಿದ ರಟ್ಟಿನ ಡಬ್ಬಿಗೆ ಹೊಡೆದೆ. ಜೋರಾಗಿ ಸದ್ದಾಯಿತು, ನಳಿಕೆಯಲ್ಲಿ ಹೊಗೆ. ನನಗೋ ಖುಷಿ. ಮಾವ ಕಣ್ಣು ಮುಚ್ಚಿ ಕೂತಲ್ಲಿಂದಲೇ, "ಎಣ್ಣೆ ಜಾಸ್ತಿ ಆಯ್ತು. ಡೀಸೆಲ್ ಎಂಜಿನ್ ಥರ ಒಳಗೆ ಉರೀತಿದೆ" ಅಂದರು.

ನಾಲ್ಕನೆಯದಕ್ಕೆ ಹೊಗೆ ನಿಂತಿತು, ಬರೀ 'ಟಪ್' ಅಂತ ಸದ್ದು. ಮಾವ ಕಣ್ಣು ಬಿಟ್ಟು, "ಐದನೇದು ನಂದು" ಅಂದರು.