ಹೊರೆಗಲ್ಲು

ತಲೆಹೊರೆ ಹೊತ್ತು ನಡೆಯುವವರು ಭಾರ ಇಳಿಸಿ ದಣಿವಾರಿಸಿಕೊಳ್ಳಲೆಂದು ದಾರಿಬದಿಯಲ್ಲಿ ನಿಲ್ಲಿಸಿದ ಕಲ್ಲೇ ಹೊರೆಗಲ್ಲು. ನೆಲದಲ್ಲಿ ಹೂತ ಎರಡು ಕಂಬಗಲ್ಲುಗಳು, ಅವುಗಳ ಮೇಲೊಂದು ಅಡ್ಡ ಚಪ್ಪಡಿ: ರಚನೆ ಇಷ್ಟೇ. ಕೆಲವೆಡೆ ಅದು ಮರದ ನೆರಳಿನಲ್ಲಿ ಕೂರಲೂ ಆಗುವ ತಗ್ಗಿನ ಕಲ್ಲುಹಾಸು. ಕೆಲವೆಡೆ ಆಳಿನ ಹೆಗಲೆತ್ತರ. ತಮಿಳುನಾಡಿನಲ್ಲಿ ಇದಕ್ಕೆ ಸುಮೈತಾಂಗಿ, ಕೇರಳದಲ್ಲಿ ಅತ್ತಾಣಿ ಅಥವಾ ಚುಮಡುತಾಂಗಿ ಎಂಬ ಹೆಸರುಗಳಿವೆ.

ಸೌದೆಯನ್ನೋ ಧಾನ್ಯದ ಮೂಟೆಯನ್ನೋ ಸಿಂಬಿಯ ಮೇಲಿಟ್ಟು ನಡೆಯುವುದು ರೂಢಿಯಿಂದ ಹಗುರಾಗುತ್ತದೆ. ಪೂರ್ವ ಆಫ್ರಿಕಾದ ಮಹಿಳೆಯರು ತಮ್ಮ ತೂಕದ ಶೇ. 20ರಷ್ಟು ಭಾರವನ್ನು ಹೆಚ್ಚುವರಿ ಶಕ್ತಿ ವ್ಯಯಿಸದೆ ತಲೆಯ ಮೇಲೆ ಒಯ್ಯಬಲ್ಲರೆಂದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದರೆ ಹೊರೆಯನ್ನು ನೆಲಕ್ಕಿಳಿಸಿ ಮತ್ತೆ ತಲೆಗೇರಿಸುವ ಶ್ರಮವನ್ನು ರೂಢಿಯೂ ಅಷ್ಟಾಗಿ ತಗ್ಗಿಸದು. ಅದಕ್ಕೆ ಬಗ್ಗಿ ಏಳುವ ಬಲ ಬೇಕು, ಹಲವು ಸಲ ಇನ್ನೊಬ್ಬರ ಕೈಯೂ ಬೇಕು. ಹೆಗಲೆತ್ತರದ ಕಲ್ಲಿದ್ದರೆ ಒಂಟಿ ದಾರಿಹೋಕರೂ ಹೊರೆಯನ್ನು ಅದರ ಮೇಲೆ ಸರಿಸಿ, ದಣಿವಾರಿದ ಮೇಲೆ ಮತ್ತೆ ತಲೆಗೆ ತೆಗೆದುಕೊಳ್ಳಬಹುದಿತ್ತು.

ಈ ಅನುಕೂಲ ಹೆಚ್ಚಾಗಿ ಬೇಕಾಗಿದ್ದುದು ವಯಸ್ಸಾದವರಿಗೆ. ಪ್ರಾಯ ಕಳೆದಂತೆ ತೊಡೆ, ಮೀನಖಂಡಗಳ ಬಲ ಕುಗ್ಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಎರಡೂ ಪಾದಗಳು ಒಟ್ಟಿಗೆ ನೆಲದ ಮೇಲಿರುವ ಹೊತ್ತು ಹೆಚ್ಚುತ್ತದೆ. ಭಾರ ಹೊತ್ತಾಗ ಕಾಲುಗಳ ಮೇಲಿನ ಒತ್ತಡ ಇನ್ನೂ ಏರುತ್ತದೆ. ತಲೆಹೊರೆಯಿಂದ ಗುರುತ್ವಕೇಂದ್ರ ಮೇಲಕ್ಕೇರುವುದರಿಂದ, ಎಡವಿದರೆ ಸಾವರಿಸಿಕೊಳ್ಳುವುದೂ ಕಷ್ಟ. ಸಂತೆಗೋ ಕಾಡಿಗೋ ಹೋಗಿ ಬರುವ ಮುದುಕ ಮುದುಕಿಯರಿಗೆ ನಡುದಾರಿಯ ಬಿಡುವು ದೊಡ್ಡ ಆಸರೆ.

ಬಾವಿ ತೋಡಿಸುವುದು, ಸಾಲುಮರ ನೆಡಿಸುವುದು, ಅರವಟ್ಟಿಗೆ ಇಡುವುದರಂತೆ ಹೊರೆಗಲ್ಲು ನಿಲ್ಲಿಸುವುದೂ ಪುಣ್ಯದ ಕೆಲಸವೆನಿಸಿತ್ತು. ತಮಿಳುನಾಡಿನಲ್ಲಿ ಗರ್ಭಿಣಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಮನೆಯವರು ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಆಕೆ ಇಳಿಸಲಾಗದೆ ಹೋದ ಭಾರ ಹೀಗೆ ಇಳಿಯುತ್ತದೆ ಎಂಬುದು ನಂಬಿಕೆ. ನೇಪಾಳದ ಬೆಟ್ಟದಾರಿಗಳಲ್ಲಿ ಅರಳಿ, ಆಲಗಳ ನೆರಳಿನ ಚೌತಾರಿ ಕಟ್ಟೆಗಳದೂ ಇದೇ ಉದ್ದೇಶ: ಬೆನ್ನಬುಟ್ಟಿಯನ್ನು ನಿಂತಂತೆಯೇ ಕಟ್ಟೆಯ ಮೇಲೆ ಊರಬಹುದು.

ಗಾಡಿದಾರಿಗಳು, ಆಮೇಲೆ ಬಸ್ಸು, ಲಾರಿಗಳು ಬಂದಂತೆ ಊರಿಂದೂರಿಗೆ ಹೊರೆ ಹೊತ್ತು ನಡೆಯುವುದು ತಗ್ಗಿತು. ಬಳಕೆ ತಪ್ಪಿದ ಎಷ್ಟೋ ಹೊರೆಗಲ್ಲುಗಳು ರಸ್ತೆ ಅಗಲವಾಗುವಾಗ ಕಿತ್ತುಹೋದವು. ಆದರೂ ಹಳ್ಳಿಗಳಲ್ಲಿ ಸೌದೆ, ಮೇವು, ನೀರು ಹೊರುವ ವಯಸ್ಸಾದ ಹೆಂಗಸರು ಇಂದಿಗೂ ಇದ್ದಾರೆ. ಭಾರವನ್ನು ನೆಲದಿಂದ ಎತ್ತಿಸದೆ ಮೈಯೆತ್ತರದ ಜಗಲಿಯ ಮೇಲಿಡಲು ಅವಕಾಶ ಕೊಡುವ ಹಳೆಯ ವಿವೇಕ ಅವರ ಮಟ್ಟಿಗೆ ಈಗಲೂ ಅಗತ್ಯವಾದದ್ದು.